ಚಿಕಿತ್ಸಾ ಮನೋವಿಜ್ಞಾನಿಯ ಶಿಕ್ಷಣ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಉಪನ್ಯಾಸಕನಿಗೇ ಬಿಟ್ಟುಕೊಟ್ಟಿರುವ ದತ್ತಿದಾತೃಗಳ ಔದಾರ್ಯಕ್ಕೆ ಮೊದಲು ವಂದನೆಯನ್ನು ಸಲ್ಲಿಸಿ, ಆ ಔದಾರ್ಯವನ್ನು ಮನಬಂದಂತೆ ಬಳಸಿಕೊಂಡನೆಂದು ಆಮೇಲೆ ಯಾರೂ ಆಕ್ಷೇಪಿಸದಂತೆ, ಇಂದಿನ ವಿಷಯವಾವುದೆಂಬುದನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಮನಸ್ಸಿನ ಸ್ವರೂಪವನ್ನು ಕುರಿತು ಇಂತಹ ವೇದಿಕೆಗಳ ಮೇಲೆ ದಾರ್ಶನಿಕರೂ ಕವಿಗಳೂ ಸಾಕಷ್ಟು ಮಾತನಾಡಿದ್ದಾರೆ. ಮನಸ್ಸನ್ನು ಕುರಿತು ಮಾತನಾಡುವುದಕ್ಕೆ ಅರ್ಹರ ಕೊರತೆ ನಮ್ಮ ನಾಡಿಗೆ ಎಂದೂ ಬಂದದ್ದಿಲ್ಲ. ಕೊರತೆಯಿರುವುದು ಮನಸ್ಸು ಕೆಟ್ಟು ಬಂದವರ ಎದುರಿಗೆ ಕುಳಿತು, ಅವರ ಮಾತನ್ನು ಕೇಳಿ, ಅದಕ್ಕೊಂದು ಉಪಾಯವನ್ನು ಕ್ರಮವಾಗಿ ನಡೆಸಬಲ್ಲವರದು. ಅಂಥವರಲ್ಲಿ ಒಂದು ವರ್ಗವಾದ ಚಿಕಿತ್ಸಾ ಮನೋವಿಜ್ಞಾನಿಗಳು, ಅಂದರೆ ಜನ ಸಾಮಾನ್ಯವಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆಯುವವರು, ಸ್ನಾತಕೋತ್ತರ ಹಂತದಲ್ಲಿ ಹೇಗೆ ಸಿದ್ಧರಾಗುತ್ತಾರೆ, ಆ ಸಿದ್ಧತೆಯಲ್ಲಿ ಯಾವುದು ಮುಖ್ಯ, ಯಾವುದು ಕೇವಲ ಅಲಂಕಾರ, ಎಂಬಷ್ಟನ್ನೇ ಇಂದು ವಿಚಾರ ಮಾಡಬೇಕೆಂದಿದ್ದೇನೆ. ಈ ಶಿಕ್ಷಣವನ್ನು ಕೊಡುವ ಕೆಲಸದಲ್ಲಿ ಬಹುಕಾಲ ಕಳೆದವನಾದುದರಿಂದ ಪಕ್ಷಪಾತದ ದೋಷ ನನ್ನ ಮಾತಿಗೆ ತಟ್ಟಿರುವುದು ಸಹಜ. ತಾವು ಅದನ್ನು ಕಳೆದುಕೊಂಡು ಕೇಳಬೇಕು.

ಈ ಚಿಕಿತ್ಸಾ ಮನೋವಿಜ್ಞಾನಿಗಳು ಯಾರು ಎಂಬ ಪ್ರಶ್ನೆಗೆ ದೀರ್ಘವಾದ ಉತ್ತರ ಬೇಕಿಲ್ಲ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಅನಂತರ ಮಾನಸಿಕ ರೋಗಗಳಲ್ಲಿ ವಿಶೇಷ ವ್ಯಾಸಂಗ ಮಾಡಿದವರು, ಔಷಧವನ್ನು ಬರೆದುಕೊಡುವ ಅಧಿಕಾರವುಳ್ಳವರು. ಚಿಕಿತ್ಸಾ ಮನೋವಿಜ್ಞಾನಿಯಾದರೋ ಮನಶ್ಶಾಸ್ತ್ರದಲ್ಲಿ ಎಂ.ಎ.ಯನ್ನೋ ಎಂ.ಎಸ್‌ಸಿ.ಯನ್ನೋ ಮಾಡಿ, ಆಮೇಲೆ ಆಸ್ಪತ್ರೆಯಲ್ಲಿ ಪಳಗಿ, ಬುದ್ಧಿ ಸ್ಮೃತಿ ಸ್ವಭಾವಗಳನ್ನು ಪರೀಕ್ಷೆಗಳಿಂದ ಅಳೆಯುವುದನ್ನೂ ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನಡೆಸುವುದನ್ನೂ ಕಲಿತವರು. ಮಾತ್ರೆ ಬರೆಯುವುದು ಅವರ ಕೆಲಸವಲ್ಲ. ಹೊರರೋಗಿ ವಿಭಾಗಕ್ಕೆ ಬರುವ ನಮ್ಮ ಜನ ಇಬ್ಬರನ್ನೂ "ಡಾಕ್ಟ್ರೇ" ಎಂದೇ ಕರೆಯುತ್ತಾರೆ. ಈ ಎರಡನೆಯವರ ಕೋಣೆಯಿಂದ ಚೀಟಿಯಿಲ್ಲದೆ ಹೊರಗೆ ಬಂದಾಗ, "ಒಂದು ಮಾತ್ರೆಯನ್ನೂ ಕೊಡಲಿಲ್ಲವಲ್ಲ" ಎಂದು ಬೇಸರಪಡುವವರೂ ಉಂಟು.

ಈ ವಿದ್ಯೆಯ ಹುಟ್ಟನ್ನು 1896ಕ್ಕೆ ಒಯ್ಯುವುದು ವಾಡಿಕೆ. ಆ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೈಟ್ನರ್ ವಿಟ್ಮರ್ ಎಂಬ ಪ್ರಾಧ್ಯಾಪಕರ ಬಳಿಗೆ ಶಾಲಾ ಶಿಕ್ಷಕಿಯೊಬ್ಬರು ಕಾಗುಣಿತ ಹಿಡಿತಕ್ಕೆ ಬಾರದ ಹುಡುಗನೊಬ್ಬನನ್ನು ಕರೆತಂದರು. ಮನಶ್ಶಾಸ್ತ್ರವೆಂಬುದು ನಿಜವಾಗಿ ಶಾಸ್ತ್ರವೇ ಆಗಿದ್ದರೆ ಈ ಹುಡುಗನಿಗೆ ನೆರವಾಗಬೇಕಷ್ಟೆ ಎಂದು ವಿಟ್ಮರ್ ಒಂದು ಚಿಕಿತ್ಸಾಲಯವನ್ನೇ ತೆರೆದರು. ಗ್ರಂಥದಿಂದ ಹೊರಟು ರೋಗಿಯನ್ನು ಹುಡುಕಿಕೊಂಡು ಹೋಗದೆ, ಬಾಗಿಲಿಗೆ ಬಂದವನಿಂದ ಹೊರಟು ಗ್ರಂಥವನ್ನು ಹುಡುಕಿದ್ದು ಈ ವಿದ್ಯೆಯ ಮೊದಲ ಲಕ್ಷಣ. ನಮ್ಮ ದೇಶದಲ್ಲಿ ಮನಶ್ಶಾಸ್ತ್ರ ಮೊದಲು ಕಾಲೇಜಿಗೆ ಬಂದು, ಆಸ್ಪತ್ರೆಗೆ ಬಹಳ ತಡವಾಗಿ ಬಂದಿತು. ಕಲ್ಕತ್ತೆಯ ತರುವಾಯ ಈ ಶಾಸ್ತ್ರಕ್ಕೆ ನೆಲೆಯನ್ನು ಕೊಟ್ಟ ವಿಶ್ವವಿದ್ಯಾಲಯ ಮೈಸೂರಿನದು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಗಳು 1924ರಲ್ಲಿ ಇಲ್ಲಿ ಆ ವಿಭಾಗವನ್ನು ಆರಂಭಿಸಿದರು. ಮುಂದೆ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರವೊಂದನ್ನು ನಡೆಸತೊಡಗಿದ ಗೋಪಾಲಸ್ವಾಮಿಗಳೂ ಇವರೇ. ನಾಡು ಅವರನ್ನು ಆಕಾಶವಾಣಿಗಾಗಿ ನೆನೆಯುತ್ತದೆ, ಮನಶ್ಶಾಸ್ತ್ರಕ್ಕಾಗಿ ನೆನೆಯುವುದು ಕಡಮೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಕಥೆ ಇದಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. 1946ರಲ್ಲಿ ಹೊರಬಿದ್ದ ಭೋರ್ ಸಮಿತಿಯ ವರದಿ, ದೇಶದ ಮಾನಸಿಕ ಆಸ್ಪತ್ರೆಗಳ ದುರವಸ್ಥೆಯನ್ನು ನಿರ್ದಾಕ್ಷಿಣ್ಯವಾಗಿ ಬಣ್ಣಿಸಿ, ಮನೋವೈದ್ಯರನ್ನೂ ಇತರ ಪರಿಣತರನ್ನೂ ಸಿದ್ಧಪಡಿಸುವ ವ್ಯವಸ್ಥೆ ಆಗಬೇಕೆಂದು ಒತ್ತಿಹೇಳಿತು. ಅದರ ಫಲವಾಗಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ, ಆ ಆಸ್ಪತ್ರೆಯ ಮಗ್ಗುಲಲ್ಲಿ, ಡಾ. ಎಂ. ವಿ. ಗೋವಿಂದಸ್ವಾಮಿಗಳ ನಿರ್ದೇಶಕತ್ವದಲ್ಲಿ ಆರಂಭವಾಯಿತು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದಾಗಿ, ನಾವಿಂದು ನಿಮ್ಹಾನ್ಸ್ ಎಂದು ಕರೆಯುವ ರೂಪವನ್ನು ತಾಳಿದವು. ಆ ಸಂಸ್ಥೆಯಲ್ಲಿ 1955ರಲ್ಲಿ ಎರಡು ಡಿಪ್ಲೊಮಾ ಶಿಕ್ಷಣಗಳು ಒಟ್ಟಿಗೆ ಮೊದಲಾದವು: ವೈದ್ಯರಿಗಾಗಿ ಒಂದು, ಮನಶ್ಶಾಸ್ತ್ರದ ಪದವೀಧರರಿಗಾಗಿ ಇನ್ನೊಂದು. ಈ ಎರಡನೆಯದೇ ಭಾರತದಲ್ಲಿ ಚಿಕಿತ್ಸಾ ಮನೋವಿಜ್ಞಾನದ ಮೊದಲನೆಯ ವೃತ್ತಿಶಿಕ್ಷಣ. 1962ರಲ್ಲಿ ರಾಂಚಿಯ ಕಾಂಕೆಯ ಆಸ್ಪತ್ರೆ ಇದೇ ಮಾರ್ಗವನ್ನು ಹಿಡಿಯಿತು. ಡಿಪ್ಲೊಮಾ ಕಾಲಕ್ರಮದಲ್ಲಿ ಎಂ.ಫಿಲ್. ಎನಿಸಿತು.

ಇಸವಿಗಳನ್ನು ಇಷ್ಟು ಹೇಳಿದ್ದು ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರುವುದಕ್ಕೋಸ್ಕರ. 1955ರಲ್ಲಿ ಈ ಶಿಕ್ಷಣವನ್ನು ರೂಪಿಸಿದವರು ಅದನ್ನು ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರದಲ್ಲಿ ಇಡಬಹುದಾಗಿತ್ತು. ಹಾಗೆ ಇಟ್ಟಿದ್ದರೆ ಖರ್ಚೂ ಕಡಮೆ, ವಿದ್ಯಾರ್ಥಿಗಳ ಸಂಖ್ಯೆಯೂ ಹತ್ತುಪಟ್ಟು. ಅವರು ಅದನ್ನು ವಾರ್ಡಿನಲ್ಲಿ ಇಟ್ಟರು. ಎರಡು ವರ್ಷ, ಪೂರ್ಣಕಾಲ, ಬೆಳಗಿನಿಂದ ಸಂಜೆಯವರೆಗೆ ರೋಗಿಗಳ ನಡುವೆ, ಹಿರಿಯರೊಬ್ಬರ ಕಣ್ಣೆದುರಿನಲ್ಲಿ. ಈ ಕೊನೆಯ ಮಾತೇ ನನ್ನ ಉಪನ್ಯಾಸದ ಸಾರ. ಮಿಕ್ಕದ್ದೆಲ್ಲ ಅದರ ವಿವರಣೆ.

ಈ ಶಿಕ್ಷಣಕ್ಕೆ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದುದರಿಂದ ನಾನು 'ಆಕೆ' ಎಂದೇ ಹೇಳುತ್ತೇನೆ, ಗಂಡುಮಕ್ಕಳು ಮನ್ನಿಸಬೇಕು. ಎಂ.ಎ.ಯಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿ, ಪ್ರವೇಶ ಪರೀಕ್ಷೆಯನ್ನೂ ಸಂದರ್ಶನವನ್ನೂ ದಾಟಿ, ಕೆಲವೇ ಸ್ಥಾನಗಳಿಗಾಗಿ ನೂರಾರು ಮಂದಿಯೊಡನೆ ಸ್ಪರ್ಧಿಸಿ ಬಂದವಳು ಆಕೆ. ಫ್ರಾಯ್ಡ್, ಪಾವ್ಲೊವ್, ಪಿಯಾಜೆ ಎಲ್ಲರನ್ನೂ ಓದಿದ್ದಾಳೆ. ಸ್ಕಿಝೊಫ್ರೀನಿಯಾದ ಲಕ್ಷಣಗಳನ್ನು ನಿದ್ದೆಯಲ್ಲೆಬ್ಬಿಸಿ ಕೇಳಿದರೂ ಒಪ್ಪಿಸಬಲ್ಲಳು. ಆದರೆ ಆ ಲಕ್ಷಣಗಳುಳ್ಳ ಮನುಷ್ಯನೊಬ್ಬನನ್ನು ಆಕೆ ಹತ್ತಿರದಿಂದ ಕಂಡಿರುವುದಿಲ್ಲ. ಮೊದಲ ವಾರದಲ್ಲಿಯೇ ಆಕೆಯ ಕೈಗೆ ಒಂದು ಫೈಲು ಬರುತ್ತದೆ. ಹೋಗಿ ರೋಗವೃತ್ತಾಂತವನ್ನು ಬರೆದುಕೊಂಡು ಬಾ ಎಂಬ ಅಪ್ಪಣೆಯಾಗುತ್ತದೆ. ಆಸ್ಪತ್ರೆಯ ಮಾತಿನಲ್ಲಿ ಇದಕ್ಕೆ 'ವರ್ಕಪ್' ಎನ್ನುತ್ತಾರೆ.

ಇಲ್ಲಿ ಒಂದು ನಿದರ್ಶನವನ್ನು ಕೊಡುತ್ತೇನೆ. ರೋಗಿಯ ಗುಟ್ಟನ್ನು ಕಾಯುವುದು ಈ ವಿದ್ಯೆಯ ಮೊದಲ ನಿಯಮವಾದುದರಿಂದ, ಇದು ಯಾವೊಬ್ಬರ ಕಥೆಯೂ ಅಲ್ಲ, ಅನೇಕರದನ್ನು ಕಲಸಿ ನಾನೇ ಮಾಡಿಕೊಂಡದ್ದು ಎಂದು ಮೊದಲೇ ತಿಳಿಸುತ್ತೇನೆ. ಹತ್ತೊಂಬತ್ತರ ಹುಡುಗ, ಕಾಲೇಜು ಬಿಟ್ಟು ಆರು ತಿಂಗಳಿಂದ ಕೋಣೆ ಸೇರಿದ್ದಾನೆ, ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಮುಸುಕು. ಜೊತೆಯಲ್ಲಿ ತಾಯಿಯೂ ಸೋದರಮಾವನೂ ಬಂದಿದ್ದಾರೆ. ನಮ್ಮ ತರುಣಿ ಒಂದೂವರೆ ಗಂಟೆ ಕುಳಿತು, ಹುಟ್ಟಿದ್ದು, ನಡೆದದ್ದು, ಶಾಲೆಗೆ ಸೇರಿದ್ದು, ಜ್ವರ ಬಂದದ್ದು, ಊರಿನ ದೇವಸ್ಥಾನದಲ್ಲಿ ತಾಯಿತ ಕಟ್ಟಿಸಿದ್ದು ಎಲ್ಲವನ್ನೂ ನಾಲ್ಕು ಪುಟ ತುಂಬ ಅಚ್ಚುಕಟ್ಟಾಗಿ ಬರೆದು, ಮರುದಿನ ಹಿರಿಯರ ಮುಂದೆ ಓದುತ್ತಾಳೆ. ಹಿರಿಯರು ಕೊನೆಯವರೆಗೆ ಸುಮ್ಮನೆ ಕೇಳಿ, "ಚೆನ್ನಾಗಿ ಬರೆದಿದ್ದೀರಮ್ಮ. ಇದನ್ನೆಲ್ಲ ಹೇಳಿದವರು ಯಾರು?" ಎನ್ನುತ್ತಾರೆ.

"ತಾಯಿ, ಸರ್."

"ಹುಡುಗ ಏನೆಂದ?"

"ಅವನು ಮಾತಾಡಲಿಲ್ಲ, ಸರ್."

"ಮಾತಾಡಲಿಲ್ಲವೋ, ಆಡುವುದಕ್ಕೆ ಯಾರೂ ಬಿಡಲಿಲ್ಲವೋ?"

ತರುಣಿ ಸುಮ್ಮನಾಗುತ್ತಾಳೆ. ಹಿರಿಯರು ಪುಟಗಳನ್ನು ಮತ್ತೊಮ್ಮೆ ತಿರುವಿಹಾಕಿ, "ಮಾವ ಬಂದಿದ್ದಾರೆ ಎಂದಿದ್ದೀರಿ. ನಾಲ್ಕು ಪುಟದಲ್ಲಿ ತಂದೆಯ ಮಾತೇ ಇಲ್ಲವಲ್ಲ, ಅವರು ಬದುಕಿದ್ದಾರೆಯೇ?" ಎಂದು ಕೇಳುತ್ತಾರೆ. ಆಕೆ ಫೈಲನ್ನು ಎತ್ತಿಕೊಂಡು ಪುನಃ ವಾರ್ಡಿಗೆ ಹೋಗುತ್ತಾಳೆ.

ಈ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲವೆಂದಲ್ಲ. ಕುಟುಂಬದ ವಿವರವನ್ನು ಸಮಗ್ರವಾಗಿ ಸಂಗ್ರಹಿಸತಕ್ಕದ್ದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಆಕೆ ಅದನ್ನು ಓದಿಯೂ ಇದ್ದಾಳೆ. ಆದರೆ ಓದಿದ್ದು ಬೇಕಾದ ಕ್ಷಣದಲ್ಲಿ ಒದಗಬೇಕಾದರೆ, ಒದಗದಿದ್ದ ಕ್ಷಣವನ್ನು ಒಬ್ಬರು ಆಗಲೇ ಎತ್ತಿ ತೋರಿಸಬೇಕಾಗುತ್ತದೆ. ಸಂಗೀತದ ಲಕ್ಷಣಗ್ರಂಥಗಳನ್ನೆಲ್ಲ ಬಾಯಿಪಾಠ ಮಾಡಿದವನ ಶ್ರುತಿ ಎಲ್ಲಿ ಕದಲಿತೆಂಬುದು ಎದುರಿಗೆ ಕುಳಿತ ಗುರುವಿಗೆ ಕೇಳಿಸುವಂತೆ ಅವನಿಗೇ ಕೇಳಿಸುವುದಿಲ್ಲ. ಎರಡು ವರ್ಷಗಳ ಈ ಶಿಕ್ಷಣದ ಬಹುಭಾಗ ಇಂತಹ ಎತ್ತಿ ತೋರಿಸುವಿಕೆಯೇ. ಇದನ್ನು ಅಲ್ಲಿಯವರು 'ಸೂಪರ್‌ವಿಷನ್' ಎಂದು ಕರೆಯುತ್ತಾರೆ. ಮೇಲ್ವಿಚಾರಣೆ ಎಂದರೆ ಕಚೇರಿಯ ವಾಸನೆ ಬಂದೀತೆಂದು ನಾನೂ ಅವರ ಮಾತನ್ನೇ ಬಳಸುತ್ತೇನೆ.

ವೃತ್ತಾಂತವಾದ ಮೇಲೆ ಮನಃಸ್ಥಿತಿಯ ಪರೀಕ್ಷೆ. ರೋಗಿಯ ಉಡುಪು, ನೋಟ, ಮಾತಿನ ಓಟ, ಭಾವ, ಭ್ರಮೆ, ಇಂದು ಯಾವ ವಾರ, ಇದು ಯಾವ ಊರು ಎಂಬ ಅರಿವು, ಇವನ್ನೆಲ್ಲ ಕ್ರಮವಾಗಿ ನೋಡಿ ಬರೆಯಬೇಕು. ನೂರರಿಂದ ಏಳೇಳನ್ನು ಕಳೆಯುತ್ತ ಬನ್ನಿ ಎಂಬುದು ಅವಧಾನವನ್ನು ಪರೀಕ್ಷಿಸುವ ಪ್ರಸಿದ್ಧವಾದ ಪ್ರಶ್ನೆ. ಅಕ್ಷರ ಕಲಿಯದವರಿಗೆ ಇಪ್ಪತ್ತರಿಂದ ಒಂದೊಂದಾಗಿ ಹಿಂದಕ್ಕೆ ಎಣಿಸಿ ಎನ್ನುವುದುಂಟು, ವಾರಗಳ ಹೆಸರನ್ನು ಹಿಂದುಮುಂದಾಗಿ ಹೇಳಿ ಎನ್ನುವುದುಂಟು. ಪ್ರಧಾನಿಯ ಹೆಸರನ್ನು ಹೇಳಲಾರದ ರೈತ ರಾಗಿಯ ಇಂದಿನ ಧಾರಣೆಯನ್ನು ಪೈಸೆ ತಪ್ಪದಂತೆ ಹೇಳಬಲ್ಲ. ಅವನ ಸಾಮಾನ್ಯ ಜ್ಞಾನ ಕುಂದಿದೆಯೆಂದು ಬರೆದವಳಿಗೆ ಆ ದಿನದ ಸೂಪರ್‌ವಿಷನ್ನಿನಲ್ಲಿ ಒಳ್ಳೆಯ ಪಾಠವೇ ಆಗುತ್ತದೆ. ಅಮೂರ್ತವಾಗಿ ಚಿಂತಿಸುವ ಶಕ್ತಿ ಉಳಿದಿದೆಯೇ ಎಂದು ತಿಳಿಯಲು ಗಾದೆಯ ಅರ್ಥವನ್ನು ಕೇಳುವ ಪದ್ಧತಿಯಿದೆ. "ಬೆಳ್ಳಗಿರುವುದೆಲ್ಲ ಹಾಲಲ್ಲ, ಹಾಗೆಂದರೇನು?" ಎಂಬ ಪ್ರಶ್ನೆಗೆ, "ಹೌದು, ಸುಣ್ಣವೂ ಬೆಳ್ಳಗೇ ಇರುತ್ತದೆ" ಎಂದು ಒಬ್ಬರು ಉತ್ತರಿಸಬಹುದು, "ನಂಬಿ ಕೆಟ್ಟವರಿಗೆ ಅದರ ಅರ್ಥ ಗೊತ್ತು" ಎಂದು ಇನ್ನೊಬ್ಬರು ನಿಟ್ಟುಸಿರು ಬಿಡಬಹುದು. ಮೊದಲನೆಯ ಉತ್ತರದಲ್ಲಿ ಆಲೋಚನೆ ವಸ್ತುವಿನಲ್ಲಿಯೇ ನಿಂತುಬಿಟ್ಟಿದೆಯೋ, ಅಥವಾ ಕೇಳಿದವಳನ್ನು ಛೇಡಿಸುವ ಕುಚೋದ್ಯವಿದೆಯೋ ಎಂಬುದನ್ನು ನಿರ್ಣಯಿಸುವುದಕ್ಕೆ ಮುಖ ನೋಡುವುದು ಬೇಕು, ಹತ್ತಾರು ಮುಖಗಳನ್ನು ನೋಡಿದ ಅಭ್ಯಾಸವೂ ಬೇಕು.

ಅನಂತರ ಬರುವುದು ಪರೀಕ್ಷೆಗಳ ಪೆಟ್ಟಿಗೆ. ಸೆಗ್ವಾನ್ ಫಲಕವೆಂಬುದನ್ನು ತಾವು ನೋಡಿರಲಿಕ್ಕಿಲ್ಲ: ಮರದ ಹಲಗೆ, ಅದರಲ್ಲಿ ವೃತ್ತ, ಚೌಕ, ತ್ರಿಕೋನ, ನಕ್ಷತ್ರ ಮೊದಲಾದ ಹತ್ತು ಆಕಾರಗಳ ಗುಳಿಗಳು, ಅವಕ್ಕೆ ಹೊಂದುವ ಹತ್ತು ಬಿಲ್ಲೆಗಳು. ಮಗು ಮೂರು ಸಲ ಅವನ್ನು ಜೋಡಿಸಬೇಕು. ಪರೀಕ್ಷಕಿಯ ಕೈಯಲ್ಲಿ ಸ್ಟಾಪ್‌ವಾಚು. ಮೂರರಲ್ಲಿ ಅತ್ಯಂತ ಕಡಮೆ ಹಿಡಿದ ಕಾಲವೇ ಲೆಕ್ಕಕ್ಕೆ. ಹೊಸಬಳ ಕಣ್ಣು ಗಡಿಯಾರದ ಮೇಲಿರುತ್ತದೆ. ಹಿರಿಯಳಾದವಳ ಕಣ್ಣು ಮಗುವಿನ ಕೈಯ ಮೇಲೆ: ನಕ್ಷತ್ರವನ್ನು ಚೌಕದ ಗುಳಿಗೆ ಒತ್ತಿ ಒತ್ತಿ ನೋಡುತ್ತಿದೆಯೇ, ಒಮ್ಮೆ ಸೋತ ಮೇಲೆ ಬೇರೆಡೆ ಹುಡುಕುತ್ತಿದೆಯೇ, ಇಲ್ಲವೇ ಪ್ರತಿ ಬಿಲ್ಲೆಗೂ ಹಿಂತಿರುಗಿ ತಾಯಿಯ ಮುಖವನ್ನು ನೋಡುತ್ತಿದೆಯೇ? ಈ ಮೂರನೆಯ ಮಗುವಿಗೆ ಆದ ವಿಳಂಬ ಬುದ್ಧಿಯದಲ್ಲ.

ಬುದ್ಧಿಯ ಅಳತೆಗೆ ನಮ್ಮಲ್ಲಿ ಬಹಳವಾಗಿ ಬಳಕೆಯಾದ ಬೀನೆ–ಕಾಮತ್ ಪರೀಕ್ಷೆಗೂ ಕನ್ನಡಕ್ಕೂ ಇರುವ ಸಂಬಂಧವನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಫ್ರಾನ್ಸಿನ ಬೀನೆ ರಚಿಸಿ ಅಮೆರಿಕದಲ್ಲಿ ತಿದ್ದುಪಡಿಯಾದ ಪ್ರಶ್ನೆಗಳನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ, ಆ ಪ್ರಯತ್ನದ ವಿವರವನ್ನು 1934ರಲ್ಲಿ ಪ್ರಕಟಿಸಿದರು. ಕನ್ನಡ, ಮರಾಠಿ ಮಕ್ಕಳ ಉತ್ತರಗಳಿಂದ ಸಿದ್ಧವಾದ ಅಳತೆಗೋಲು ಆಮೇಲೆ ದೇಶದ ನಾನಾ ಭಾಗಗಳ ಆಸ್ಪತ್ರೆಗಳಿಗೆ ಹೋಯಿತು. ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆದರೆ ಆ ಕಾಲದ ಮಕ್ಕಳಿಗೆ ಹೊಲಿದ ಅಂಗಿಯನ್ನು ಇಂದಿನ ಮಕ್ಕಳಿಗೆ ತೊಡಿಸುತ್ತಿರುವುದು ಹೆಮ್ಮೆಯ ಸಂಗತಿಯಲ್ಲವೆಂಬುದನ್ನೂ ಹೇಳಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಮೇರೆಗೆ ಪ್ರಮಾಣಪತ್ರ, ಮಾಸಾಶನ, ಮೀಸಲಾತಿ ಇವೆಲ್ಲ ಇಂತಹ ಅಂಕೆಗಳನ್ನು ಅವಲಂಬಿಸಿರುವುದರಿಂದ, ಎರಡು ಮೂರು ಅಂಕಗಳ ಹೆಚ್ಚುಕಡಮೆಯಲ್ಲಿ ಒಂದು ಸಂಸಾರದ ಜೀವನೋಪಾಯವೇ ಅತ್ತಿತ್ತ ಆಗಬಹುದು. ಇಪ್ಪತ್ತನಾಲ್ಕರ ತರುಣಿ ಆ ಅಂಕೆಯನ್ನು ಬರೆದು ಕೆಳಗೆ ಸಹಿ ಹಾಕುವಾಗ ಪಕ್ಕದಲ್ಲಿ ಇನ್ನೊಂದು ಸಹಿ ಬೇಕೆಂಬ ನಿಯಮವಿರುವುದು ಸುಮ್ಮನಲ್ಲ.

ಮಸಿಕಲೆಗಳ ಹತ್ತು ಕಾರ್ಡುಗಳನ್ನು, ಅಂದರೆ ಸ್ವಿಟ್ಜರ್ಲೆಂಡಿನ ರೋರ್ಷಾಕ್ 1921ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ಕುರಿತು ಹೊರಗಿನವರಿಗೆ ಇರುವ ಕುತೂಹಲ ಅಪಾರ. ವಿದ್ವಾಂಸರಲ್ಲಿ ಅದರ ವಿಶ್ವಾಸಾರ್ಹತೆಯನ್ನು ಕುರಿತು ವಿವಾದವೂ ಅಷ್ಟೇ ಅಪಾರ. ನಾನು ಆ ವಿವಾದಕ್ಕೆ ಇಳಿಯುವುದಿಲ್ಲ. ಎಂ.ಫಿಲ್. ಪದ್ಧತಿಯಲ್ಲಿ ಮೊದಲ ವರ್ಷದ ಕೊನೆಗೆ ಆಕೆ ಇಂತಹ ಪರೀಕ್ಷೆಗಳನ್ನೆಲ್ಲ ಸಮನ್ವಯಗೊಳಿಸಿ ಐದು ಪೂರ್ಣವಾದ ರೋಗನಿದಾನ ವರದಿಗಳನ್ನು ಒಪ್ಪಿಸಬೇಕಾಗಿತ್ತು. ಎರಡನೆಯ ವರ್ಷದ ಕೊನೆಗೆ ಐದು ಚಿಕಿತ್ಸಾ ವರದಿಗಳನ್ನು. ಒಂದು ಸಂಶೋಧನ ಪ್ರಬಂಧವೂ ಇತ್ತು. ಪ್ರಬಂಧಗಳಲ್ಲಿ ಬಹುಪಾಲು ಗ್ರಂಥಾಲಯದ ಕಪಾಟನ್ನು ಸೇರಿ ಅಲ್ಲಿಯೇ ನೆಮ್ಮದಿಯಾಗಿರುತ್ತವೆ.

ಚಿಕಿತ್ಸೆಯ ವಿಷಯಕ್ಕೆ ಬರೋಣ. ಗೀಳುರೋಗದಿಂದ ನರಳುವ ಗೃಹಿಣಿಯೊಬ್ಬರನ್ನು, ಇವರೂ ನನ್ನ ಕಲ್ಪನೆಯ ಮಿಶ್ರಣವೇ, ಊಹಿಸಿಕೊಳ್ಳಿ. ಮಡಿ ಕೆಟ್ಟಿತೆಂಬ ಶಂಕೆ. ಬಚ್ಚಲಿಗೆ ಹೋದರೆ ಎರಡು ಗಂಟೆ. ಮಕ್ಕಳು ಶಾಲೆಯಿಂದ ಬಂದರೆ ಚೀಲ, ಚಪ್ಪಲಿ, ಪುಸ್ತಕದ ರಟ್ಟು ಎಲ್ಲಕ್ಕೂ ನೀರು. ಇದಕ್ಕೆ ಉಪಾಯವೇನೆಂಬುದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ತಿಳಿದಿದೆ: 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ತೋರಿಸಿಕೊಟ್ಟಂತೆ, ಯಾವುದನ್ನು ಮುಟ್ಟಲು ಅಂಜಿಕೆಯೋ ಅದನ್ನು ಮೆಲ್ಲಮೆಲ್ಲನೆ ಮುಟ್ಟಿಸಿ, ಆಮೇಲೆ ತೊಳೆದುಕೊಳ್ಳದೆ ಇರುವಂತೆ ನೋಡಿಕೊಳ್ಳುವುದು, ಆತಂಕ ಏರುತ್ತದೆ, ಏರಿ ತಾನಾಗಿ ಇಳಿಯುತ್ತದೆ, ಇಳಿಯುವುದನ್ನು ರೋಗಿ ತಾನೇ ಕಂಡುಕೊಳ್ಳಬೇಕು. ತತ್ತ್ವ ಸರಳ. ಆದರೆ ಎದುರಿಗಿರುವ ಹಿರಿಯ ಹೆಂಗಸು, "ನಮ್ಮಲ್ಲಿ ಮಡಿ ಎಂದರೆ ಇದೇ ಅಲ್ಲವೇನಮ್ಮ? ನಿಮ್ಮ ಅಜ್ಜಿ ಮಾಡುತ್ತಿರಲಿಲ್ಲವೇ?" ಎಂದು ಕೇಳಿದಾಗ ಏನು ಹೇಳಬೇಕು? ಆಚಾರವೆಲ್ಲ ರೋಗವೆಂದರೆ ಆಕೆ ನಾಳೆ ಬರುವುದಿಲ್ಲ. ಆಚಾರವೇ ಸರಿಯೆಂದರೆ ಚಿಕಿತ್ಸೆ ನಿಂತಿತು. ಅದೇ ಬೀದಿಯ, ಅದೇ ವಯಸ್ಸಿನ, ಅಷ್ಟೇ ನಿಷ್ಠೆಯ ಇತರ ಹೆಂಗಸರು ಎಷ್ಟು ಹೊತ್ತು ಸ್ನಾನ ಮಾಡುತ್ತಾರೆ ಎಂದು ರೋಗಿಯಿಂದಲೇ ಹೇಳಿಸಿ, ಆ ಅಳತೆಯನ್ನೇ ಗುರಿಯಾಗಿ ಇಟ್ಟುಕೊಳ್ಳುವ ಜಾಣ್ಮೆ ಸೂಪರ್‌ವಿಷನ್ನಿನಿಂದ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಚಿಕಿತ್ಸಕಿಗೂ ಒಂದು ಮನಸ್ಸಿದೆ. ಕುಡುಕನಾದ ರೋಗಿಯ ಮೇಲೆ ಒಬ್ಬಳಿಗೆ ಅಕಾರಣವಾಗಿ ಸಿಟ್ಟು ಬರುತ್ತದೆ. ತನ್ನ ತಂಗಿಯ ವಯಸ್ಸಿನ ಹುಡುಗಿ ಅತ್ತರೆ ಇನ್ನೊಬ್ಬಳು ನಿಯಮ ಮರೆತು ತನ್ನ ಫೋನ್ ನಂಬರನ್ನು ಬರೆದುಕೊಡುತ್ತಾಳೆ. "ಅವನು ಏನೆಂದ ಎಂಬುದು ಹಾಗಿರಲಿ, ನಿಮಗೆ ಆಗ ಏನನ್ನಿಸಿತು?" ಎಂದು ಹಿರಿಯರು ಕೇಳುವ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಕೊಡುವುದಕ್ಕೆ ಕೆಲವರಿಗೆ ಒಂದು ವರ್ಷ ಹಿಡಿಯುತ್ತದೆ. ಉತ್ತರ ಕೊಡಲಾರದೆ ಈ ವೃತ್ತಿಯನ್ನು ಬಿಟ್ಟುಹೋದವರೂ ಇದ್ದಾರೆ. ಹೋದದ್ದು ಒಳ್ಳೆಯದೇ ಆಯಿತೆಂದು ನಾನು ಎಣಿಸುತ್ತೇನೆ.

ಮನೆಯವರನ್ನು ಬಿಟ್ಟು ರೋಗಿಯೊಬ್ಬನಿಗೇ ಚಿಕಿತ್ಸೆ ಮಾಡುವುದು ನಮ್ಮ ಸಮಾಜದಲ್ಲಿ ಸಾಧ್ಯವಿಲ್ಲ. ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಓದಿದವರಿಗೂ, ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ತೆರೆಗೆ ತಂದದ್ದನ್ನು ಕಂಡವರಿಗೂ ಈ ಮಾತನ್ನು ವಿವರಿಸಬೇಕಾಗಿಲ್ಲ; ಕಥಾನಾಯಕಿ ಕಾವೇರಿ ಆಸ್ಪತ್ರೆಯಲ್ಲಿ ಗುಣ ಹೊಂದುತ್ತಾಳೆ, ಮನೆಗೆ ಬಂದ ಮೇಲೆ ಸಂಶಯದ ನೋಟಗಳ ನಡುವೆ ಕೆಡುತ್ತಾಳೆ. ರೋಗಿಯ ಜೊತೆಗೆ ಮನೆಯವರೂ ಬಂದು ಉಳಿಯುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಇರುವುದರಿಂದ, ತರಬೇತಿಗೆ ಬಂದವಳಿಗೆ ಇಡೀ ಸಂಸಾರವೇ ಕಣ್ಣಿಗೆ ಬೀಳುತ್ತದೆ. ಮಗನಿಗೆ ಊಟ ಬಡಿಸುವಾಗ ತಾಯಿ ಆಡುವ ಎರಡು ಮಾತು ಒಂದು ಗಂಟೆಯ ಸಂದರ್ಶನಕ್ಕಿಂತ ಹೆಚ್ಚನ್ನು ತಿಳಿಸುವುದುಂಟು.

ಭಾಷೆಯ ಪ್ರಶ್ನೆಯೂ ಇದಕ್ಕೆ ಸೇರಿದ್ದೇ. ಬೆಂಗಳೂರಿಗೆ ಈ ಶಿಕ್ಷಣಕ್ಕಾಗಿ ಬರುವವರು ಕೇರಳದವರು, ಬಂಗಾಳದವರು, ದೆಹಲಿಯವರು. ರೋಗಿಗಳಾದರೋ ಕೋಲಾರದ ತೆಲುಗು ಬೆರೆತ ಕನ್ನಡದವರು, ಬೀದರಿನವರು, ಮನೆಯಲ್ಲಿ ಉರ್ದು ಆಡುವ ರಾಮನಗರದವರು. ಬಂದ ಕೆಲವೇ ತಿಂಗಳಲ್ಲಿ ಮಲಯಾಳಿ ಹುಡುಗಿ "ನಿದ್ದೆ ಹೆಂಗೆ ಬರ್ತದೆ ಅಜ್ಜಿ?" ಎಂದು ಕೇಳುವಷ್ಟಾಗುತ್ತಾಳೆ, ಅದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗಿದೆ. ಇಲ್ಲಿಯೇ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿ, ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ಗಾಳಿ ಸೋಕಿದೆ, ತಲೆಯೊಳಗೆ ಜುಮ್ಮೆನ್ನುತ್ತದೆ ಎಂದು ಜನ ತಮ್ಮ ದುಃಖವನ್ನು ಹೇಳಿಕೊಂಡಾಗ ಕಕ್ಕಾಬಿಕ್ಕಿಯಾಗುವ ನಮ್ಮ ಮಕ್ಕಳನ್ನು ಕಂಡಾಗ ಅಷ್ಟು ಸಂತೋಷವಾಗಿಲ್ಲ. ಮನಸ್ಸಿನ ವಿಚಾರವನ್ನು ತಿಳಿಗನ್ನಡದಲ್ಲಿ ಹೇಳಬಹುದೆಂಬುದನ್ನು 'ಮನ ಮಂಥನ'ದ ಡಾ. ಎಂ. ಶಿವರಾಮರು, ಅಂದರೆ ನಮ್ಮ ರಾಶಿಯವರು, ಅರ್ಧ ಶತಮಾನದ ಹಿಂದೆಯೇ ತೋರಿಸಿದ್ದಾರೆ, ಇಂದು ಡಾ. ಸಿ. ಆರ್. ಚಂದ್ರಶೇಖರರು ಆ ಕೆಲಸವನ್ನು ಮುಂದುವರಿಸಿದ್ದಾರೆ. ಅವರ ಪುಸ್ತಕಗಳು ತರಬೇತಿಯ ಪಠ್ಯಗಳ ಪಟ್ಟಿಯಲ್ಲಿ ಏಕಿರಬಾರದೆಂದು ನಾನು ಕೇಳುತ್ತ ಬಂದಿದ್ದೇನೆ.

ಇನ್ನು ಕಾನೂನಿನ ಮಾತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಬಂದ ಮೇಲೆ, ಆ ಪರಿಷತ್ತಿನ ಮನ್ನಣೆ ಪಡೆದ ಶಿಕ್ಷಣವನ್ನು ಮುಗಿಸಿ ಅದರ ಕೇಂದ್ರ ರಿಜಿಸ್ಟರಿನಲ್ಲಿ ಹೆಸರನ್ನು ದಾಖಲು ಮಾಡಿಸಿದವರು ಮಾತ್ರ ಚಿಕಿತ್ಸಾ ಮನೋವಿಜ್ಞಾನಿಗಳೆಂದು ವೃತ್ತಿ ನಡೆಸಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ವೃತ್ತಿಯವರನ್ನು ನಿರೂಪಿಸುವಾಗ, ಎರಡು ವರ್ಷದ ಪೂರ್ಣಕಾಲದ, ಹಿರಿಯರ ಉಸ್ತುವಾರಿಯಲ್ಲಿ ನಡೆದ ಚಿಕಿತ್ಸಾ ತರಬೇತಿಯನ್ನೊಳಗೊಂಡ ಎಂ.ಫಿಲ್. ಎಂದು ಸ್ಪಷ್ಟವಾಗಿ ನಮೂದಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಾದರೋ ಎಂ.ಫಿಲ್. ಎಂಬ ಪದವಿಯನ್ನೇ ತೆಗೆದುಹಾಕಬೇಕೆಂದಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಅದನ್ನು ನಿಲ್ಲಿಸಿತು. ಇತಿಹಾಸದಲ್ಲೋ ಅರ್ಥಶಾಸ್ತ್ರದಲ್ಲೋ ಪಿಎಚ್.ಡಿ.ಯ ಮೆಟ್ಟಿಲಾಗಿದ್ದ ಎಂ.ಫಿಲ್.ಗೂ, ವಾರ್ಡಿನಲ್ಲಿ ಎರಡು ವರ್ಷ ದುಡಿಸುವ ಈ ಎಂ.ಫಿಲ್.ಗೂ ಹೆಸರೊಂದನ್ನು ಬಿಟ್ಟು ಸಾಮ್ಯವಿರಲಿಲ್ಲ. ನಿಯಮ ಮಾಡಿದವರು ಹೆಸರನ್ನೇ ನೋಡಿದರು. ಬಳಿಕ ಎಚ್ಚೆತ್ತುಕೊಂಡು, ಚಿಕಿತ್ಸಾ ಮನೋವಿಜ್ಞಾನಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ 2025–26ನೆಯ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟರು.

ಹೆಸರು ಹೋದುದಕ್ಕೆ ನಾನು ದುಃಖಿಸುವವನಲ್ಲ. ಡಿಪ್ಲೊಮಾ ಎಂದಾಗಲೂ ಒಳ್ಳೆಯವರು ತಯಾರಾದರು, ಎಂ.ಫಿಲ್. ಎಂದಾಗಲೂ ತಯಾರಾದರು, ಮುಂದೆ ಎಂ.ಎ. ಎಂದರೂ ಆಗಬಹುದು. ನನ್ನ ಭಯ ಬೇರೆ. ಪದವಿಯ ಹೆಸರು ಬದಲಾಗುವ ಗಡಿಬಿಡಿಯಲ್ಲಿ, ಆಸ್ಪತ್ರೆಯಿಲ್ಲದ ಕಾಲೇಜುಗಳು ನಾಲ್ಕು ಕೊಠಡಿ, ಒಂದು ಪರೀಕ್ಷೆಗಳ ಪೆಟ್ಟಿಗೆ, ಹತ್ತಿರದ ನರ್ಸಿಂಗ್ ಹೋಮಿನೊಡನೆ ಒಂದು ಒಪ್ಪಂದದ ಕಾಗದ, ಇಷ್ಟನ್ನು ತೋರಿಸಿ ಈ ಶಿಕ್ಷಣವನ್ನು ಆರಂಭಿಸಿಬಿಟ್ಟಾವು. ದುಬಾರಿ ಶುಲ್ಕವನ್ನು ತೆತ್ತು, ಹತ್ತು ರೋಗಿಗಳನ್ನೂ ಸರಿಯಾಗಿ ಕಾಣದ ಮಕ್ಕಳು ಬಾಗಿಲಿಗೆ ಬೋರ್ಡು ಹಾಕಿಕೊಂಡಾರು. ಒಬ್ಬ ಹಿರಿಯರು ಏಕಕಾಲದಲ್ಲಿ ಎಷ್ಟು ಮಂದಿಯ ವರದಿಗಳನ್ನು ಸಾಲುಸಾಲಾಗಿ ಓದಿ ತಿದ್ದಬಲ್ಲರೋ ಅಷ್ಟೇ ಮಂದಿಗೆ ಈ ವಿದ್ಯೆಯನ್ನು ಕಲಿಸಲು ಸಾಧ್ಯ.

ಆದರೆ ದೇಶಕ್ಕೆ ಬೇಕಾದವರ ಸಂಖ್ಯೆ ದೊಡ್ಡದಲ್ಲವೇ ಎಂದು ತಾವು ಕೇಳಬಹುದು. ದೊಡ್ಡದೇ. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ, ಮೊದಲು ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡಿದ, ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಾಗಿಯೂ ಸಿಗದವರು, ರೋಗದ ಬಗೆಯನ್ನನುಸರಿಸಿ, ಶೇಕಡ 70ರಿಂದ 92ರಷ್ಟು ಇದ್ದರು. ಇದಕ್ಕೆ ಪರಿಹಾರ ಅರೆಬೆಂದ ತಜ್ಞರನ್ನು ಹೆಚ್ಚಿಸುವುದಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅವರವರ ಮಟ್ಟಿಗೆ ಬೇಕಾದ ತಿಳಿವಳಿಕೆಯನ್ನು ಕೊಟ್ಟು, ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ ಟೆಲಿ ಮಾನಸ್ ಎಂಬ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಫೋನು ಮಾಡಿದವರಿಗೆ ಕನ್ನಡದಲ್ಲಿಯೇ ಸಮಾಧಾನ ದೊರೆಯುತ್ತಿದೆ. ಹಗುರವಾದ ಕೆಲಸವನ್ನು ಹಗುರವಾದ ತರಬೇತಿಯವರು ಧಾರಾಳವಾಗಿ ಮಾಡಲಿ. ಭಾರವಾದ ಕೆಲಸಕ್ಕೆ ಪೂರ್ಣ ತರಬೇತಿಯವರು ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಖಾಯಂ ಹುದ್ದೆಯ ಮೇಲೆ ಇರಲಿ. ವರ್ಷ ವರ್ಷವೂ ನವೀಕರಿಸುವ ಗುತ್ತಿಗೆಯ ಕಾಗದವನ್ನು ಕೈಗಿತ್ತು, ಬೆಂಗಳೂರನ್ನು ಬಿಟ್ಟು ಯಾದಗಿರಿಗೆ ಹೋಗಿ ನೆಲೆಸು ಎಂದರೆ ಯಾವ ಮಗಳು ಹೋದಾಳು?

ಆದುದರಿಂದ ಈ ಸಭೆಯಲ್ಲಿರುವ ವಿಶ್ವವಿದ್ಯಾಲಯದ ಅಧಿಕಾರಿಗಳಲ್ಲಿ ನನ್ನ ಬಿನ್ನಹ ಇಷ್ಟೆ: ರೋಗಿಗಳಿರುವ ವಾರ್ಡೂ, ದಿನವೂ ಅಲ್ಲಿ ಕುಳಿತು ಶಿಷ್ಯರ ಬರಹವನ್ನು ತಿದ್ದುವ ಹಿರಿಯರೂ ಇಲ್ಲದ ಕಡೆ ಈ ಶಿಕ್ಷಣವನ್ನು, ಯಾವ ಹೆಸರಿನಿಂದಲೇ ಆಗಲಿ, ತೆರೆಯಬೇಡಿ, ಧಾರವಾಡ, ಮೈಸೂರುಗಳಲ್ಲಿ ಇಂತಹ ಅನುಕೂಲವಿರುವ ಸಂಸ್ಥೆಗಳಲ್ಲಿ ಅಧ್ಯಾಪಕರ ಹುದ್ದೆಗಳನ್ನು ಹೆಚ್ಚಿಸಿ, ಸ್ಥಾನಗಳು ತಾವಾಗಿಯೇ ಹೆಚ್ಚುತ್ತವೆ. ಮಹಾಜನರಲ್ಲಿ ಇನ್ನೂ ಸಣ್ಣದೊಂದು ಪ್ರಾರ್ಥನೆ. ತಮ್ಮ ಮನೆಯವರನ್ನು ಯಾರ ಬಳಿಗಾದರೂ ಕರೆದೊಯ್ಯುವಾಗ, ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನು ಎಣಿಸಬೇಡಿ. ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಯಾವುದು, ತರಬೇತಿ ಯಾವ ಆಸ್ಪತ್ರೆಯಲ್ಲಿ ಆಯಿತು, ಎಂಬ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಸರಿಯಾಗಿ ಕಲಿತವರು ಆ ಪ್ರಶ್ನೆಯಿಂದ ಬೇಸರಪಟ್ಟದ್ದನ್ನು ನಾನು ಕಂಡಿಲ್ಲ.